ವೆಬ್‌ಸೈಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ? ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಒಂದು ದಾರಿ

"ಒಂಬತ್ತನೇ ಕ್ಲಾಸಲ್ಲಿದ್ದೀನಿ. ವೆಬ್‌ಸೈಟ್ ಮಾಡೋದು ಕಲಿಬೇಕು. ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೆಲವೊಮ್ಮೆ ಅಪ್ಪ ಅಮ್ಮಂದಿರೇ ಕೇಳುತ್ತಾರೆ. ಅವರು ಕೇಳಿದರೆ ಬಾಲಕ್ಕೆ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ: "ಎಷ್ಟು ಖರ್ಚಾಗುತ್ತೆ?"

ಖರ್ಚಿನ ಮಾತು ಮೊದಲು ಮುಗಿಸೋಣ. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಬೇಡ.

ಇನ್ನು ಸಾಮಾನು. ಶುರುವಿಗೆ ಮೂರೇ ಸಾಕು. ಬರೆಯೋಕೆ ಒಂದು ಎಡಿಟರ್, ನೋಡೋಕೆ ಒಂದು ಬ್ರೌಸರ್, ಮಾಡಿದ್ದನ್ನು ನಾಲ್ಕು ಜನಕ್ಕೆ ತೋರಿಸೋಕೆ ಇಂಟರ್ನೆಟ್ಟಿನಲ್ಲಿ ಒಂದು ಜಾಗ. ಹುಡುಕಲು ಹೋದರೆ ರಿಯಾಕ್ಟ್, ನೋಡ್, ಟೈಲ್‌ವಿಂಡ್, ಡಾಕರ್ ಅಂತ ಮೂವತ್ತು ಹೆಸರಿನ ಪಟ್ಟಿ ಸಿಗುತ್ತದೆ. ಅವು ಕೆಟ್ಟವೇನಲ್ಲ. ಆದರೆ ಒಂದೊಂದೂ ಯಾರದೋ ತಲೆನೋವಿಗೆ ಹುಟ್ಟಿದ ಮದ್ದು. ರಿಯಾಕ್ಟ್ ಹುಟ್ಟಿದ್ದು ಫೇಸ್‌ಬುಕ್ಕಿನ ಒಳಗೆ, ಹೊರಗಿನವರ ಕೈಗೆ ಬಂದದ್ದು 2013ರಲ್ಲಿ. ಫೇಸ್‌ಬುಕ್ಕಿಗಿದ್ದ ತಲೆನೋವು ನಿಮಗಿನ್ನೂ ಬಂದಿಲ್ಲ, ಅಲ್ವಾ? ತಲೆನೋವು ಬಂದಾಗ ಮದ್ದು ತಂದರಾಯಿತು.

ಸುಮ್ನೆ "ಕಲಿಯೋಕೆ" ಅಂತ ಕೂತರೆ ನಾಲ್ಕನೇ ದಿನಕ್ಕೆ ಬೇಜಾರಾಗುತ್ತದೆ. ಒಂದು ಕೆಲಸ ಇಟ್ಟುಕೊಳ್ಳಿ. ಇಲ್ಲಿ ನಾನು ಇಟ್ಟುಕೊಳ್ಳುವುದು ನಿಮ್ಮೂರ ಬಸ್ ಟೈಮಿಂಗ್ ತೋರಿಸುವ ಒಂದು ಪುಟ. ವೆಬ್ ಪುಟ ಬರೆಯುವ ಮೂರು ಭಾಷೆಗಳಿಗೂ ಇದರಲ್ಲಿ ಕೆಲಸವಿದೆ. ಯಾವುದು ತಲೆಬರಹ, ಯಾವುದು ಪಟ್ಟಿ ಅಂತ ಗುರುತು ಹಾಕುವುದು ಎಚ್‌ಟಿಎಂಎಲ್. ಬಣ್ಣ, ಅಳತೆ, ಜಾಗ ನೋಡಿಕೊಳ್ಳುವುದು ಸಿಎಸ್‌ಎಸ್. ಈಗ ಗಂಟೆ ಎಷ್ಟು ಅಂತ ನೋಡಿ "ಮುಂದಿನ ಬಸ್ 10:15ಕ್ಕೆ" ಅನ್ನುವುದು ಜಾವಾಸ್ಕ್ರಿಪ್ಟ್. ಅಂದ ಹಾಗೆ ಜಾವಾ ಬೇರೆ, ಜಾವಾಸ್ಕ್ರಿಪ್ಟ್ ಬೇರೆ. 1995ರಲ್ಲಿ ಜಾವಾ ಜೋರಾಗಿ ಓಡುತ್ತಿತ್ತು ಅಂತ ಇದಕ್ಕೂ ಆ ಹೆಸರು ಅಂಟಿಸಿದರು, ಅಷ್ಟೇ. ಜಾವಾ ಕೋರ್ಸಿಗೆ ಫೀಸು ಕಟ್ಟಿ ಆಮೇಲೆ ಕೇಳಬೇಡಿ.

1. ಕೈಯಲ್ಲಿರುವ ಮೆಷಿನ್ ಯಾವುದು?

ಮನೆಯಲ್ಲಿ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ. ರ‍್ಯಾಮ್ ಅಂದರೆ ಕಂಪ್ಯೂಟರ್ ಒಮ್ಮೆಗೆ ಎಷ್ಟು ಕೆಲಸ ಹರಡಿಕೊಂಡು ಕೂರಬಹುದು ಅನ್ನುವ ಜಾಗ.

4 ಜಿಬಿ ಇರುವ ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಹಗುರವಾದ ಎಡಿಟರ್ ಹಾಕಿ, ಬ್ರೌಸರಿನಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ಟ್ಯಾಬ್ ತೆರೆಯಬೇಡಿ. ಅದರಲ್ಲಿ ವಿಂಡೋಸ್ 10 ಇದ್ದರೆ ಒಂದು ಮಾತು: ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ತೆಗೆದುಕೊಳ್ಳದ ಮೆಷಿನ್ ಆದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಸಿ. ಉಚಿತ, ನೋಡಲು ವಿಂಡೋಸ್ ಥರವೇ ಇದೆ, ವೆಬ್ ಕೆಲಸಕ್ಕೆ ಏನೂ ಕಮ್ಮಿಯಿಲ್ಲ.

ಬರೀ ಆಂಡ್ರಾಯ್ಡ್ ಫೋನ್ ಇರುವವರು ಎಕೋಡ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಬರೆದದ್ದನ್ನು ಅಲ್ಲೇ ತೋರಿಸುತ್ತದೆ. ಸಣ್ಣ ಪರದೆಯಲ್ಲಿ ಕೋಡ್ ಬರೆಯುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ಒಟಿಜಿ ಕೇಬಲ್ಲಿನಲ್ಲಿ ಒಂದು ಸಾದಾ ಕೀಬೋರ್ಡ್ ಸಿಕ್ಕಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಎಚ್‌ಟಿಎಂಎಲ್, ಸಿಎಸ್‌ಎಸ್ ಎರಡನ್ನೂ ಫೋನಿನಲ್ಲೇ ಕಲಿಯಬಹುದು.

ಇದಕ್ಕೆಂದೇ ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಬೇಡ. ಕೊಳ್ಳಲೇಬೇಕು ಅಂದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಸಿಗುತ್ತವೆ. ಬಿಲ್ಲು, ವಾರಂಟಿ ಕೇಳಿ. ಚಾರ್ಜರ್ ತೆಗೆದು ಹದಿನೈದು ನಿಮಿಷ ಓಡಿಸಿ ನೋಡಿ. ಪ್ರತಿ ಕೀಯನ್ನೂ ಒತ್ತಿ ನೋಡಿ.

2. ಎಡಿಟರ್: ಎರಡರಲ್ಲಿ ಒಂದು

ಎಡಿಟರ್ ಅಂದರೆ ಕೋಡ್ ಬರೆಯುವ ನೋಟ್‌ಬುಕ್ಕು. ಮೈಕ್ರೋಸಾಫ್ಟ್ ವರ್ಡ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಅಕ್ಷರದ ಜೊತೆ ತನ್ನದೇ ಅಲಂಕಾರವನ್ನೂ ಸೇರಿಸಿಬಿಡುತ್ತದೆ.

ಮೆಷಿನ್ ಚೆನ್ನಾಗಿದ್ದರೆ ವಿಎಸ್ ಕೋಡ್. 2015ರಲ್ಲಿ ಮೈಕ್ರೋಸಾಫ್ಟ್ ತಂದದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೆಷಿನ್ ಹಳೆಯದಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ವಿಂಡೋಸಿಗೆ ಮಾತ್ರ ಇದೆ, ಡೌನ್‌ಲೋಡ್ 10 ಎಂಬಿ ಕೂಡ ಆಗುವುದಿಲ್ಲ. ಲಿನಕ್ಸ್ ಮಿಂಟ್ ಹಾಕಿಸಿದವರಿಗೆ ಅದರಲ್ಲೇ ಬರುವ ಟೆಕ್ಸ್ಟ್ ಎಡಿಟರ್ ಶುರುವಿಗೆ ಸಾಕು.

ಹಳೇ ಯೂಟ್ಯೂಬ್ ವಿಡಿಯೋಗಳಲ್ಲಿ ಆಟಮ್, ಬ್ರ್ಯಾಕೆಟ್ಸ್ ಅಂತ ಹೇಳುವವರು ಸಿಗುತ್ತಾರೆ. ಆಟಮ್ 2022ರ ಡಿಸೆಂಬರಿನಲ್ಲಿ ನಿಂತುಹೋಯಿತು. ಬ್ರ್ಯಾಕೆಟ್ಸನ್ನು ಅಡೋಬಿ 2021ರಲ್ಲೇ ಕೈಬಿಟ್ಟಿತು. ವಿಡಿಯೋ ನೋಡುವ ಮೊದಲು ಅದು ಯಾವ ವರ್ಷದ್ದು ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ವಿಎಸ್ ಕೋಡ್ ಹಾಕಿದ ಕೂಡಲೇ ಎಕ್ಸ್‌ಟೆನ್ಷನ್, ಅಂದರೆ ಮೇಲಿಂದ ಸೇರಿಸುವ ಸಣ್ಣ ಸೌಲಭ್ಯಗಳ ಅಂಗಡಿ ಕಾಣುತ್ತದೆ. ಅಲ್ಲಿ ಹೋಗಿ ಇಪ್ಪತ್ತು ಹಾಕಿಕೊಂಡು ಬರಬೇಡಿ. ಲೈವ್ ಸರ್ವರ್ ಒಂದು ಸಾಕು. ಫೈಲು ಸೇವ್ ಮಾಡಿದ ತಕ್ಷಣ ಬ್ರೌಸರಿನಲ್ಲಿ ಪುಟ ತಾನೇ ಹೊಸದಾಗುತ್ತದೆ. ಮೆನುವಿನಲ್ಲಿ ಆಟೋ ಸೇವ್ ಕೂಡ ಆನ್ ಮಾಡಿ. "ಸರ್, ಎಷ್ಟು ಬದಲಾಯಿಸಿದರೂ ಪುಟ ಹಾಗೇ ಇದೆ" ಅನ್ನುವ ದೂರುಗಳಲ್ಲಿ ಅರ್ಧಕ್ಕರ್ಧ ಸೇವ್ ಮಾಡದ ಕಥೆಗಳೇ.

3. ಫೈಲಿನ ಹೆಸರು: ಮೊದಲ ದಿನದ ಗುಂಡಿ

ಒಂದು ಫೋಲ್ಡರ್ ಮಾಡಿ. ಹೆಸರು ಬಸ್ ಅಂತಿರಲಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗ ಬಿಡದೆ. ಅದರೊಳಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅನ್ನುವ ಫೈಲು. ಇಂಡೆಕ್ಸ್ ಅನ್ನುವ ಹೆಸರೇ ಯಾಕೆ ಅಂದರೆ, ಯಾರಾದರೂ ನಿಮ್ಮ ಸೈಟಿಗೆ ಬಂದಾಗ ಸರ್ವರ್, ಅಂದರೆ ಸೈಟಿನ ಫೈಲುಗಳನ್ನು ಇಟ್ಟಿರುವ ಕಂಪ್ಯೂಟರ್, ಮೊದಲು ಹುಡುಕುವುದು ಅದನ್ನೇ.

ಇಲ್ಲೇ ಬಹಳ ಜನ ಬೀಳುತ್ತಾರೆ. ವಿಂಡೋಸ್ ಫೈಲಿನ ಬಾಲದ ಹೆಸರನ್ನು ಮುಚ್ಚಿಟ್ಟಿರುತ್ತದೆ. ಸಾದಾ ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದರೆ ಫೈಲಿನ ಪೂರ್ತಿ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಟಿಎಕ್ಸ್‌ಟಿ ಆಗಿ, ನಿಮಗೆ ಕಾಣುವುದು ಮೊದಲರ್ಧ ಮಾತ್ರ. ಬ್ರೌಸರಿನಲ್ಲಿ ತೆರೆದರೆ ಪುಟದ ಬದಲು ಕೋಡೇ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ವ್ಯೂ ಒತ್ತಿ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನುವುದಕ್ಕೆ ಟಿಕ್ ಹಾಕಿ. ವಿಂಡೋಸ್ 11ರಲ್ಲಿ ಅದು ವ್ಯೂ ಒಳಗಿನ ಶೋ ಪಟ್ಟಿಯಲ್ಲಿದೆ. ಈ ಟಿಕ್ ಒಮ್ಮೆ ಹಾಕಿದರೆ ಮತ್ತೆ ತೆಗೆಯಬೇಡಿ.

4. ಕನ್ನಡ ಸರಿಯಾಗಿ ಕಾಣಬೇಕು

ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ. ಅದಕ್ಕೇ ಸ್ವಲ್ಪ ಜಾಸ್ತಿ ಹೊತ್ತು ಇಲ್ಲಿ ನಿಲ್ಲುತ್ತೇನೆ.

ವಿಎಸ್ ಕೋಡಿನಲ್ಲಿ ಖಾಲಿ ಎಚ್‌ಟಿಎಂಎಲ್ ಫೈಲಿನಲ್ಲಿ ಒಂದು ಆಶ್ಚರ್ಯಚಿಹ್ನೆ ಹಾಕಿ ಟ್ಯಾಬ್ ಒತ್ತಿ. ಪುಟಕ್ಕೆ ಬೇಕಾದ ಪೀಠಿಕೆ ಎಲ್ಲ ತಾನೇ ಬರುತ್ತದೆ. ಅದರಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಅನ್ನುವ ಸಾಲು ಇರುತ್ತದೆ. "ಈ ಫೈಲಿನ ಅಕ್ಷರಗಳನ್ನು ಹೀಗೆ ಓದು" ಅಂತ ಬ್ರೌಸರಿಗೆ ಹೇಳುವುದು ಅದೇ. ಅದನ್ನು ಅಳಿಸಿದರೆ ನಿಮ್ಮ "ಹೊಸದುರ್ಗ" ಪರದೆಯ ಮೇಲೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಬಹುದು. ಅದೇ ಪೀಠಿಕೆಯಲ್ಲಿ ಲ್ಯಾಂಗ್ ಅನ್ನುವಲ್ಲಿ ಇಎನ್ ಅಂತಿರುತ್ತದೆ. ಅದನ್ನು ಕೆಎನ್ ಅಂತ ಬದಲಾಯಿಸಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರುಗಳು ಅದನ್ನು ನೋಡಿಯೇ ಇದು ಕನ್ನಡ ಅಂತ ತಿಳಿದುಕೊಳ್ಳುವುದು.

ಡಿಟಿಪಿ ಅಂಗಡಿಯಲ್ಲೋ ಶಾಲೆಯ ಆಫೀಸಿನಲ್ಲೋ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅದೂ ಅರ್ಥವಿಲ್ಲದ ಅಕ್ಷರವಾಗುತ್ತದೆ. ಆ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಆಕಾರ ಮಾತ್ರ. ವೆಬ್ಬಿಗೆ ಬೇಕಾದದ್ದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಬೇರೆಯದೇ ಸಂಖ್ಯೆ ಕೊಟ್ಟಿರುವ ಪದ್ಧತಿ. ನುಡಿ, ಬರಹ ಎರಡರಲ್ಲೂ ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ಇದೆ. ಹೊಸದಾಗಿ ಟೈಪ್ ಮಾಡುವವರು ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಸೇರಿಸಿಕೊಂಡು, ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಾಯಿಸಿ.

ಫಾಂಟಿಗೆ ಗೂಗಲ್ ಫಾಂಟ್ಸಿನಲ್ಲಿ ನೋಟೋ ಸಾನ್ಸ್ ಕನ್ನಡ ಇದೆ, ತಲೆಬರಹಕ್ಕೆ ಬಲೂ ತಮ್ಮ ಚೆನ್ನಾಗಿರುತ್ತದೆ. ಎರಡೂ ಉಚಿತ. ಇಷ್ಟಾದ ಮೇಲೆ ಸಾಲುಗಳ ನಡುವಿನ ಜಾಗ ನೋಡಿ. ಇಂಗ್ಲಿಷ್ ಮಾದರಿ ಪುಟಗಳ ಸಿಎಸ್‌ಎಸ್‌ನಲ್ಲಿ ಲೈನ್ ಹೈಟ್ 1.2 ಅಂತಿರುತ್ತದೆ. ಇಂಗ್ಲಿಷಿಗೆ ಸರಿ. ನಮ್ಮಲ್ಲಿ "ರಾಷ್ಟ್ರೀಯ ಹೆದ್ದಾರಿ" ಅಂತ ಬರೆದರೆ ಷಕಾರದ ಕೆಳಗೆ ಎರಡು ಒತ್ತು ನೇತಾಡುತ್ತವೆ, ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ. 1.6ರಿಂದ 1.7ರವರೆಗೆ ಏರಿಸಿ. ಪುಟ ಉಸಿರಾಡಿದಂತೆ ಕಾಣುತ್ತದೆ.

ಇನ್ನೆರಡು ಸಣ್ಣ ಗುಂಡಿಗಳಿವೆ. ವಾಟ್ಸ್ಆ್ಯಪ್ ಅಥವಾ ವರ್ಡಿನಿಂದ ತಂದ ಕೋಡಿನಲ್ಲಿ ಉದ್ಧರಣ ಚಿಹ್ನೆಗಳು ಬಾಗಿರಬಹುದು. ಕೋಡಿಗೆ ನೆಟ್ಟಗಿನ ಚಿಹ್ನೆಯೇ ಬೇಕು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಾಗಾಗಿ ಅಳಿಸಿ ನೀವೇ ಟೈಪ್ ಮಾಡಿ. ಮತ್ತೆ, ಪುಟದಲ್ಲಿ ತೋರಿಸಲು ೯:೩೦ ಅಂತ ಕನ್ನಡ ಅಂಕಿ ಹಾಕಬಹುದು, ಆದರೆ ಜಾವಾಸ್ಕ್ರಿಪ್ಟಿಗೆ ೯ ಅಂದರೆ ಸಂಖ್ಯೆ ಅಂತ ಗೊತ್ತಾಗುವುದಿಲ್ಲ. ಲೆಕ್ಕ ಇರುವ ಕಡೆ 9:30 ಅಂತಲೇ ಬರೆಯಿರಿ.

5. ಬ್ರೌಸರ್ ಒಳಗಿನ ರಿಪೇರಿ ಪೆಟ್ಟಿಗೆ

ಕ್ರೋಮ್ ಅಥವಾ ಫೈರ್‌ಫಾಕ್ಸ್, ಯಾವುದಾದರೂ ಸರಿ. ಎಫ್12 ಒತ್ತಿ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಕೀ ಜೊತೆ ಒತ್ತಬೇಕು. ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಐ ಮೂರನ್ನೂ ಒಟ್ಟಿಗೆ. ಪಕ್ಕದಲ್ಲಿ ಒಂದು ಕಿಟಕಿ ತೆರೆಯುತ್ತದೆ. ಡೆವ್‌ಟೂಲ್ಸ್ ಅಂತ ಹೆಸರು. ನನ್ನ ಕೇಳಿದರೆ ಎಡಿಟರಿಗಿಂತ ಇದೇ ದೊಡ್ಡ ಸಾಮಾನು, ಆದರೆ ಹೊಸಬರು ತಿಂಗಳುಗಟ್ಟಲೆ ಇದನ್ನು ಮುಟ್ಟಿಯೇ ಇರುವುದಿಲ್ಲ.

ಕ್ರೋಮಿನಲ್ಲಿ ಎಲಿಮೆಂಟ್ಸ್, ಫೈರ್‌ಫಾಕ್ಸಿನಲ್ಲಿ ಇನ್ಸ್‌ಪೆಕ್ಟರ್ ಅನ್ನುವ ಭಾಗದಲ್ಲಿ ಬಣ್ಣ, ಅಳತೆ ಅಲ್ಲೇ ಬದಲಾಯಿಸಿ ನೋಡಬಹುದು. ಫೈಲಿಗೆ ಏನೂ ಆಗುವುದಿಲ್ಲ, ಪುಟ ರೀಲೋಡ್ ಮಾಡಿದರೆ ಮೊದಲಿನಂತೆ. ಕನ್ಸೋಲ್ ಅನ್ನುವ ಭಾಗದಲ್ಲಿ ಜಾವಾಸ್ಕ್ರಿಪ್ಟಿನ ತಪ್ಪುಗಳು ಕೆಂಪಗೆ ಬರುತ್ತವೆ, ಯಾವ ಸಾಲಿನಲ್ಲಿ ಅನ್ನುವ ಸಂಖ್ಯೆ ಸಮೇತ.

ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಬಸ್ ಟೈಮಿಂಗ್ ಹೀಗಿದೆ: 6:15, 9:30, 10:15, 14:00, 18:30. ಈಗಿನ ಗಂಟೆಗಿಂತ ದೊಡ್ಡದಾದ ಮೊದಲ ಟೈಮಿಂಗನ್ನು ತೋರಿಸು ಅಂತ ಕೋಡ್ ಬರೆದಿರಿ. ಬೆಳಗ್ಗೆ 8:45ಕ್ಕೆ ನೋಡಿದರೆ "ಮುಂದಿನ ಬಸ್ 9:30" ಅಂತ ಬರುತ್ತದೆ. ಖುಷಿ. 9:45ಕ್ಕೆ ನೋಡಿದರೆ "ಇವತ್ತು ಇನ್ನು ಬಸ್ಸಿಲ್ಲ" ಅನ್ನುತ್ತದೆ. ಮೂರು ಬಸ್ ಬಾಕಿ ಇದೆ, ಕನ್ಸೋಲಿನಲ್ಲಿ ಕೆಂಪು ಸಾಲೂ ಇಲ್ಲ!

ಕನ್ಸೋಲಿನಲ್ಲಿ "10:15" > "9:45" ಅಂತ ಉದ್ಧರಣ ಚಿಹ್ನೆಗಳ ಸಮೇತ ಬರೆದು ಎಂಟರ್ ಒತ್ತಿ. ಫಾಲ್ಸ್ ಅಂತ ಬರುತ್ತದೆ. ಉದ್ಧರಣ ಚಿಹ್ನೆ ಇರುವುದರಿಂದ ಅದು ಗಂಟೆಯನ್ನು ಪದ ಅಂತ ಓದುತ್ತಿದೆ. ಪದಕೋಶದಲ್ಲಿ ಜೋಡಿಸುವ ಹಾಗೆ ಮೊದಲ ಅಕ್ಷರ ಮಾತ್ರ ನೋಡಿ, 1ಕ್ಕಿಂತ 9 ದೊಡ್ಡದು ಅಂತ ತೀರ್ಮಾನ ಮಾಡಿಬಿಟ್ಟಿದೆ. ಪರಿಹಾರ: ಗಂಟೆಯನ್ನು 60ರಿಂದ ಗುಣಿಸಿ ನಿಮಿಷ ಕೂಡಿಸಿ. 9:45 ಅಂದರೆ 585, 10:15 ಅಂದರೆ 615. ಈಗ ಹೋಲಿಸಿದರೆ ಸರಿಯಾದ ಉತ್ತರ ಬರುತ್ತದೆ. ಇದನ್ನು ಹುಡುಕಲು ಬೇಕಾದದ್ದು ಎಫ್12 ಒಂದೇ.

ಒಂದು ಎಚ್ಚರಿಕೆ. "ಈ ಕೋಡನ್ನು ಕನ್ಸೋಲಿನಲ್ಲಿ ಹಾಕಿದರೆ ಇನ್‌ಸ್ಟಾಗ್ರಾಮ್ ಫಾಲೋವರ್ಸ್ ಜಾಸ್ತಿ ಆಗ್ತಾರೆ" ಅಂತ ಯಾರಾದರೂ ಕಳಿಸಿದರೆ ಹಾಕಬೇಡಿ. ನಿಮ್ಮ ಅಕೌಂಟನ್ನು ನಿಮ್ಮ ಕೈಯಿಂದಲೇ ಕದಿಯುವ ಹಳೇ ಉಪಾಯ ಅದು.

6. ಎಲ್ಲಿ ಓದುವುದು?

ಫ್ರೀಕೋಡ್‌ಕ್ಯಾಂಪ್ 2014ರಿಂದ ಉಚಿತವಾಗಿ ಪಾಠ ಕೊಡುತ್ತಿದೆ. ಓದಿ ಅಲ್ಲೇ ಬರೆದು ನೋಡಬಹುದು. ಅನುಮಾನ ಬಂದಾಗ ತಿರುವಿ ನೋಡಲು ಫೈರ್‌ಫಾಕ್ಸಿನವರ ಎಂಡಿಎನ್. ಎರಡೇ ಸಾಕು. ಕನ್ನಡ ಮೀಡಿಯಮ್ಮಿನವರಿಗೆ ಇಂಗ್ಲಿಷ್ ಮೊದಮೊದಲು ಕಾಡುತ್ತದೆ, ಆದರೆ ಮತ್ತೆ ಮತ್ತೆ ಬರುವ ಪದಗಳು ಕೆಲವೇ. ಒಂದು ನೋಟ್‌ಬುಕ್ಕಿನಲ್ಲಿ ಪದ, ಪಕ್ಕದಲ್ಲಿ ನಿಮ್ಮದೇ ಕನ್ನಡದಲ್ಲಿ ಅರ್ಥ ಬರೆದಿಡಿ. ದುಡ್ಡು ಕೊಟ್ಟು ಸೇರುವ ಕೋರ್ಸು ಈಗ ಬೇಡ.

ಎಐ ವಿಷಯ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಖಾರ. ಮೊದಲ ಎರಡು ತಿಂಗಳು ಎಡಿಟರಿನಲ್ಲಿ ಸಾಲು ತಾನೇ ತುಂಬುವ ಎಐ ಸೌಲಭ್ಯ ಆಫ್ ಮಾಡಿಡಿ. ವಿಎಸ್ ಕೋಡಿನ ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಆಯ್ಕೆ ಇದೆ. "ಈ ತಪ್ಪಿನ ಅರ್ಥವೇನು?" ಅಂತ ಕೇಳಿ, ತೊಂದರೆಯಿಲ್ಲ. "ಪುಟ ಬರೆದುಕೊಡು" ಅಂದರೆ ಪುಟ ಸಿಗುತ್ತದೆ. 9:45ಕ್ಕೆ ಬಸ್ಸಿಲ್ಲ ಅಂದಾಗ ಯಾಕೆ ಅಂತ ನಿಮಗೆ ಗೊತ್ತಿರುವುದಿಲ್ಲ.

7. ಊರಿಗೆ ತೋರಿಸುವುದು

ಈ ಹಂತವನ್ನು ಅಪ್ಪ ಅಮ್ಮನ ಪಕ್ಕ ಕೂತು ಮಾಡಿ. ನಿಮ್ಮ ಫೈಲುಗಳನ್ನು ಸದಾ ಆನ್ ಇರುವ ಕಂಪ್ಯೂಟರಿನಲ್ಲಿ ಇಡುವುದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಗಿಟ್‌ಹಬ್ ಪೇಜಸ್ ಇದನ್ನು ಉಚಿತವಾಗಿ ಮಾಡುತ್ತದೆ. ಗಿಟ್‌ಹಬ್ ಅಕೌಂಟಿಗೆ 13 ವರ್ಷ ತುಂಬಿರಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ಹಾಗಾಗಿ ಮನೆಯವರಿಗೆ ಹೇಳದೆ ಅಕೌಂಟ್ ತೆರೆಯುವುದು ಬೇಡ. ವಯಸ್ಸು ಸುಳ್ಳು ಹೇಳುವುದಂತೂ ಬೇಡವೇ ಬೇಡ.

ಅಕೌಂಟಿನ ಹೆಸರೇ ನಿಮ್ಮ ಸೈಟಿನ ವಿಳಾಸದಲ್ಲಿ ಬರುತ್ತದೆ. ಪೂರ್ತಿ ಹೆಸರು, ಹುಟ್ಟಿದ ವರ್ಷ ಹಾಕಬೇಡಿ. ಸ್ಟಾರ್ ಹೆಸರಿನ ಮುಂದೆ "ಬಾಸ್" ಅಂತ ಇಟ್ಟುಕೊಂಡು ಆಮೇಲೆ ಇಂಟರ್ನ್‌ಶಿಪ್ಪಿಗೆ ಹೋಗುವಾಗ ಮುಜುಗರ ಪಟ್ಟುಕೊಳ್ಳುವವರ ಸಾಲಿಗೂ ಸೇರಬೇಡಿ. ಅಕೌಂಟ್ ಆದ ಕೂಡಲೇ ಸೆಟ್ಟಿಂಗ್ಸಿನ ಇಮೇಲ್ಸ್ ಭಾಗಕ್ಕೆ ಹೋಗಿ ಇಮೇಲ್ ಗುಟ್ಟಾಗಿಡುವ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ನೀವು ಸೇರಿಸುವ ಪ್ರತಿ ಬದಲಾವಣೆಯ ಜೊತೆ ನಿಮ್ಮ ಇಮೇಲ್ ಎಲ್ಲರಿಗೂ ಕಾಣಬಹುದು.

ನಂತರ ಹೊಸ ರೆಪೊಸಿಟರಿ ಮಾಡಿ. ಒಂದು ಪ್ರಾಜೆಕ್ಟಿನ ಫೈಲುಗಳೆಲ್ಲ ಕೂರುವ ಕಪಾಟು ಅಂದುಕೊಳ್ಳಿ. ಉಚಿತ ಅಕೌಂಟಿನಲ್ಲಿ ಪೇಜಸ್ ಬೇಕಾದರೆ ಅದು ಪಬ್ಲಿಕ್ ಆಗಿರಬೇಕು. ಫೋಲ್ಡರಿನೊಳಗಿನ ಫೈಲುಗಳನ್ನು ಎಳೆದು ಹಾಕಿ, ಕಮಿಟ್ ಒತ್ತಿ. ಕಮಿಟ್ ಅಂದರೆ "ಇಷ್ಟು ಬದಲಾವಣೆ ದಾಖಲು ಮಾಡಿಕೋ" ಅಂತ. ಆಮೇಲೆ ಸೆಟ್ಟಿಂಗ್ಸ್, ಪೇಜಸ್, ಬ್ರಾಂಚಿನಲ್ಲಿ ಮೇನ್ ಆರಿಸಿ ಸೇವ್. ಕೆಲವು ನಿಮಿಷ ಕಾಯಿರಿ.

ಇಲ್ಲಿಂದ ಬರುವ ದೂರು ಯಾವಾಗಲೂ ಒಂದೇ: "ನಮ್ಮ ಮನೆ ಕಂಪ್ಯೂಟರಿನಲ್ಲಿ ಫೋಟೋ ಬರುತ್ತೆ, ಸೈಟಿನಲ್ಲಿ ಬರಲ್ಲ." ಎರಡು ಕಾರಣ. ಮೊದಲನೆಯದು, ಫೈಲಿನ ಬಾಲದಲ್ಲಿ ಜೆಪಿಜಿ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ವಿಂಡೋಸಿಗೆ ಎರಡೂ ಒಂದೇ. ಗಿಟ್‌ಹಬ್ಬಿಗೆ ಅವು ಬೇರೆ ಬೇರೆ ಫೈಲು. ಕ್ಯಾಮೆರಾದಿಂದ ಬಂದ ಫೋಟೋಗಳ ಬಾಲ ಎಷ್ಟೋ ಸಲ ದೊಡ್ಡಕ್ಷರದಲ್ಲಿರುತ್ತದೆ, ನೋಡಿಕೊಳ್ಳಿ. ಎರಡನೆಯದು, ಫೋಟೋದ ದಾರಿಯನ್ನು ಸಿ ಡ್ರೈವಿನಿಂದ ಶುರು ಮಾಡಿ ಬರೆದಿರುತ್ತೀರಿ. ನಿಮ್ಮ ಸಿ ಡ್ರೈವ್ ಬೇರೆಯವರ ಬಳಿ ಎಲ್ಲಿರಬೇಕು? ಫೋಟೋವನ್ನು ಅದೇ ಫೋಲ್ಡರಿನಲ್ಲಿಟ್ಟು ಬರೀ ಹೆಸರು ಬರೆಯಿರಿ.

ಫೋನಿನಿಂದ ನೇರ ಬಂದ ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ನೋಡುವವರ ಗತಿ ಯೋಚಿಸಿ, 200 ಕೆಬಿ ಒಳಗೆ ತನ್ನಿ. ಲೊಕೇಶನ್ ಆನ್ ಇಟ್ಟು ತೆಗೆದ ಫೋಟೋ ಒಳಗೆ ಅದನ್ನು ತೆಗೆದ ಜಾಗದ ವಿವರವೂ ಕೂತಿರುತ್ತದೆ. ಮನೆ ಮುಂದೆ ತೆಗೆದದ್ದಾದರೆ ಮನೆ ವಿಳಾಸ ಕೊಟ್ಟ ಹಾಗೆಯೇ. ಫೋನ್ ನಂಬರ್, ಶಾಲೆಯ ಹೆಸರನ್ನೂ ಹಾಕಬೇಡಿ. ಆಮೇಲೆ ಅಳಿಸಿದರೂ ಹಳೇ ಕಮಿಟ್‌ಗಳಲ್ಲಿ ಅದು ಉಳಿದೇ ಇರುತ್ತದೆ.

8. ಮುಂದಿನ ಸಾಮಾನು ಯಾವಾಗ?

ನಿಮ್ಮ ಫೋಲ್ಡರಿನಲ್ಲಿ "ಫೈನಲ್", "ಫೈನಲ್ 2", "ಲೇಟೆಸ್ಟ್ ಫೈನಲ್" ಅಂತ ಪ್ರತಿಗಳು ಸೇರತೊಡಗಿದ ದಿನ ಗಿಟ್ ಕಲಿಯಿರಿ. ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಮಾಡಿದ್ದು. ಪ್ರತಿ ಬದಲಾವಣೆಯನ್ನೂ ನಿಮ್ಮ ಕಂಪ್ಯೂಟರಿನಲ್ಲೇ ನೆನಪಿಟ್ಟುಕೊಳ್ಳುತ್ತದೆ.

ಒಂದೇ ಮೆನುವನ್ನು ಹತ್ತು ಪುಟಗಳಲ್ಲಿ ತಿದ್ದಿ ತಿದ್ದಿ ಸಾಕಾದಾಗ, ಪರದೆಯ ಮೂರು ಕಡೆ ಒಂದೇ ಮಾಹಿತಿ ಒಟ್ಟಿಗೆ ಬದಲಾಗಬೇಕಾದಾಗ, ರಿಯಾಕ್ಟ್ ಥರದ್ದು ಯಾಕೆ ಬೇಕು ಅಂತ ತಾನೇ ಅರ್ಥವಾಗುತ್ತದೆ. ಅದಕ್ಕೆ ಮುಂಚೆ ಕಲಿತರೆ ಮಗ್ಗಿ ಬರದೆ ಕ್ಯಾಲ್ಕುಲೇಟರ್ ಹಿಡಿದ ಹಾಗೆ.

ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ವಿಳಾಸ, ಇದೊಂದಕ್ಕೆ ಮಾತ್ರ ದುಡ್ಡು ಬೇಕು, ಅದೂ ವರ್ಷ ವರ್ಷ. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷ ಜಾಸ್ತಿ ಕೇಳುವುದು ಈ ವ್ಯಾಪಾರದಲ್ಲಿ ಮಾಮೂಲು. ಕೊಳ್ಳುವ ಮೊದಲು ನವೀಕರಣದ ಬೆಲೆ ನೋಡಿ. ಆರು ತಿಂಗಳು ಗಿಟ್‌ಹಬ್ ವಿಳಾಸದಲ್ಲೇ ಓಡಿಸಿ. ಆಗಲೂ ಊರವರು ಬಸ್ ನೋಡಲು ಅಲ್ಲಿಗೇ ಬರುತ್ತಿದ್ದರೆ ಅಪ್ಪನ ಹತ್ತಿರ ಕೇಳಿ.

ಅಲ್ಲಿಯವರೆಗೆ ಟೈಮಿಂಗ್ ಬದಲಾಯಿತು ಅಂತ ಕಂಡಕ್ಟರ್ ಹೇಳಿದರೆ ಬಸ್ಸಿನಲ್ಲೇ ಕೂತು ಫೋನಿನಿಂದ ತಿದ್ದಬಹುದು. ಬ್ರೌಸರಿನಲ್ಲಿ ಗಿಟ್‌ಹಬ್ ತೆರೆದು, ಫೈಲು ಒತ್ತಿ, ಪೆನ್ಸಿಲ್ ಗುರುತು ಒತ್ತಿ, 10:15 ಇದ್ದದ್ದನ್ನು 10:30 ಮಾಡಿ, ಕಮಿಟ್.